ಚಕ್ಕುಲಿ ಒರಳಿನ ಬಿಲ್ಲೆಗಾಗಿ ಒಂದು ಸಿಎನ್‌ಸಿ

ನಮ್ಮ ಮನೆಯ ಚಕ್ಕುಲಿ ಒರಳು ಹಿತ್ತಾಳೆಯದು, ಅಜ್ಜಿಯ ಕಾಲದ್ದು. ಕಳೆದ ಗೋಕುಲಾಷ್ಟಮಿಗೆ ಅಟ್ಟದಿಂದ ಇಳಿಸಿದಾಗ ಡಬ್ಬಿಯೊಳಗೆ ಸೇವೆಯ ಬಿಲ್ಲೆ ಇತ್ತು, ತೇಂಗೊಳಲಿನ ಮೂರು ತೂತಿನ ಬಿಲ್ಲೆ ಇತ್ತು, ಚಕ್ಕುಲಿಯ ನಕ್ಷತ್ರದ ಬಿಲ್ಲೆ ಮಾತ್ರ ನಾಪತ್ತೆ. ಪಾತ್ರೆ ಅಂಗಡಿಯಿಂದ ಎರಡು ಸ್ಟೀಲ್ ಬಿಲ್ಲೆ ತಂದೆ. ಒಂದು ಒಳಗೆ ಹೋಗಲಿಲ್ಲ, ಇನ್ನೊಂದು ಹೋಗಿ ಗಡಗಡ ಅಲ್ಲಾಡಿತು.

ಮಾವ ಆವತ್ತು ಮನೆಯಲ್ಲೇ ಇದ್ದರು. ಬೆಂಗಳೂರಿನ ಪೀಣ್ಯದ ಜಾಬ್‌ವರ್ಕ್ ಶೆಡ್‌ಗಳಲ್ಲಿ ಮೂವತ್ತು ವರ್ಷ ಮಿಲ್ಲಿಂಗ್, ಅಂದರೆ ತಿರುಗುವ ಟೂಲಿನಿಂದ ಲೋಹ ಕಡಿಯುವ ಕೆಲಸ, ಮಾಡಿದವರು. "ಅಕ್ಕ, ಒರಳು ಕೊಡು, ನಾಳೆ ಶೆಡ್‌ನಲ್ಲಿ ಮಾಡಿಸಿ ತರ್ತೀನಿ. ಮುನ್ನೂರು ರೂಪಾಯಿ ಆಗಬಹುದು" ಎಂದರು. ನಾನು ಅಡ್ಡ ಬಾಯಿ ಹಾಕಿ "ಬೇಡ ಮಾವ, ನಾನೇ ಮಾಡ್ತೀನಿ" ಎಂದೆ. ಮನೆಗೊಂದು ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಕಡಿಯುವ ಯಂತ್ರ, ತರಬೇಕೆಂದು ಮೂರು ವರ್ಷದಿಂದ ನೆಪ ಹುಡುಕುತ್ತಿದ್ದೆ, ಸಿಕ್ಕಿತ್ತು. ರೂ. 300ರ ಬಿಲ್ಲೆಗೆ ಯಂತ್ರ, ಟೂಲು, ಸರಂಜಾಮು ಸೇರಿ ರೂ. 24,000 ದಾಟಿದ ಕಥೆ ಇದು.

ಕೊಂಡದ್ದು 3018 ಎಂದು ಕರೆಯುವ ಸಣ್ಣ ಕಿಟ್. ಹೆಸರೇ ಅಳತೆ: ಟೇಬಲ್ 300 × 180 ಮಿ.ಮೀ. ಝಡ್, ಅಂದರೆ ಮೇಲೆ ಕೆಳಗೆ, 45 ಮಿ.ಮೀ. ಓಡುತ್ತದೆ. ಇದನ್ನು ಮಿಲ್ ಎಂದು ಕರೆಯುವುದಕ್ಕೆ ಮಾವನ ತಕರಾರಿದೆ. ನಿಜವಾದ ಮಿಲ್ಲಿಂಗ್ ಮಷೀನು ಎರಕದ ಕಬ್ಬಿಣದ್ದು, ಟನ್ನುಗಟ್ಟಲೆ ತೂಗುತ್ತದೆ. ಇದನ್ನು ನಾನೊಬ್ಬನೇ ಎತ್ತಿ ಮಹಡಿಗೆ ಒಯ್ದೆ. "ಭಾರ ಇಲ್ಲದ ಮಷೀನು ಜಾಬ್ ಕಡಿಯಲ್ಲ, ಜಾಬ್ ಮೇಲೆ ಕುಣಿಯುತ್ತೆ" ಎಂದರು. ಜಾಬ್ ಅಂದರೆ ಕಡಿಯಬೇಕಾದ ತುಂಡು. ಆಗ ನಕ್ಕೆ. ದೊಡ್ಡ ಯಂತ್ರ ಯಾಕೆ ತರಲಿಲ್ಲ ಎಂದರೆ ದುಡ್ಡಿರಲಿಲ್ಲ, ಕೆಳಗಿನ ಮನೆಯಲ್ಲಿ ಬಾಡಿಗೆಯವರಿದ್ದಾರೆ, ಮಹಡಿಯ ಕೋಣೆ ಹತ್ತಡಿ ಉದ್ದ. ಅಷ್ಟೆ.

ಜೋಡಣೆ

ಡಬ್ಬದಲ್ಲಿ ಬಂದದ್ದು: ಅಲ್ಯೂಮಿನಿಯಂ ಕಂಬಿಗಳು, ಬೇಕಲೈಟ್ ತಟ್ಟೆಗಳು, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೂರು ಸ್ಟೆಪ್ಪರ್ ಮೋಟರ್, ತಿರುಪು ಗೆರೆಯಿರುವ ಸ್ಕ್ರೂ ದಂಡಗಳು, ಟೂಲ್ ತಿರುಗಿಸುವ 775 ಎಂಬ ಸ್ಪಿಂಡಲ್ ಮೋಟರ್, ಅದರ ಮೂತಿಗೆ ಸಿಕ್ಕಿಸಿ ಟೂಲ್ ಹಿಡಿಯುವ ಇಆರ್11 ಕಾಲೆಟ್, ಒಂದು ಬೋರ್ಡು, 24 ವೋಲ್ಟಿನ ಸಪ್ಲೈ, ನೂರಾರು ಬೋಲ್ಟು. ಸೂಚನೆಯ ಹಾಳೆಯಲ್ಲಿ ಚಿತ್ರಗಳು ಅಂಚೆಚೀಟಿಯಷ್ಟಿದ್ದವು. ಭಾನುವಾರ ಬೆಳಿಗ್ಗೆ ಕುಳಿತವನು ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದೆ.

ಸೋಮವಾರ ಎಲ್ಲ ಬಿಚ್ಚಿದೆ. ವೈ ದಿಕ್ಕಿನಲ್ಲಿ, ಅಂದರೆ ಹಿಂದೆ ಮುಂದೆ, ಟೇಬಲ್ ಒಂದು ತುದಿಯಲ್ಲಿ ಸಲೀಸು, ಇನ್ನೊಂದು ತುದಿಯಲ್ಲಿ ಬಿಗಿ. ಮೋಟರ್ ಗೊರ್ರೆಂದು ನಿಂತುಬಿಡುತ್ತಿತ್ತು. ಚೌಕಟ್ಟು ಮೂಲೆಮಟ್ಟಕ್ಕೆ ಇರಲಿಲ್ಲ. ಗೋಡೆ ಕಟ್ಟುವ ಮೇಸ್ತ್ರಿ ಮಾಡುವಂತೆ ಎರಡೂ ಕರ್ಣ ಅಳೆದೆ, 2 ಮಿ.ಮೀ. ವ್ಯತ್ಯಾಸ ಬಂತು. ಬೋಲ್ಟುಗಳನ್ನು ಅರ್ಧ ಸಡಿಲಿಸಿ, ಟೇಬಲನ್ನು ಕೈಯಲ್ಲಿ ಈ ತುದಿಯಿಂದ ಆ ತುದಿಗೆ ಓಡಿಸುತ್ತಾ ಓಡಿಸುತ್ತಾ ಒಂದೊಂದನ್ನೇ ಬಿಗಿದೆ. ಚೌಕಟ್ಟನ್ನು ಮೊದಲೇ ಬಿಗಿದು ಆಮೇಲೆ ದಂಡ ತೂರಿಸಿದ್ದೇ ನನ್ನ ತಪ್ಪು.

ಇನ್ನು ಸದ್ದು. ಮರದ ಮೇಜಿನ ಮೇಲಿಟ್ಟು ಸ್ಪಿಂಡಲ್ ಹಾಕಿದರೆ ಮೇಜು ತಬಲದಂತೆ ಮೊಳಗಿತು, ಕೆಳಗಿನ ಮನೆಯ ಆಂಟಿ ಮೆಟ್ಟಿಲ ಬಳಿ ಬಂದು "ಬೋರ್‌ವೆಲ್ ಕೊರೆಸ್ತಿದ್ದೀರಾ?" ಎಂದು ಕೇಳಿದರು. ಹಳೆ ಅಡುಗೆಮನೆ ಕಟ್ಟೆಯ ಕಡಪ ಕಲ್ಲಿನ ತುಂಡೊಂದು ತಾರಸಿಯಲ್ಲಿ ಬಿದ್ದಿತ್ತು. ಕೆಳಗೆ ರಬ್ಬರ್ ಮ್ಯಾಟ್, ಅದರ ಮೇಲೆ ಕಡಪ ಕಲ್ಲು, ಅದರ ಮೇಲೆ ಯಂತ್ರ. ಸದ್ದು ಅರ್ಧಕ್ಕರ್ಧ ಇಳಿಯಿತು. ಈ ಯಂತ್ರಕ್ಕೆ ನಾನು ಮಾಡಿದ ಅತಿ ಅಗ್ಗದ, ಅತಿ ಉಪಯೋಗದ ರಿಪೇರಿ ಇದು.

800 ಎಂಬ ಸಂಖ್ಯೆ

ಬೋರ್ಡಿನ ಒಳಗೆ ಓಡುವುದು ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ. ಲ್ಯಾಪ್‌ಟಾಪಿನಿಂದ ಜಿ-ಕೋಡ್ ಸಾಲುಗಳು ಯುಎಸ್‌ಬಿ ವೈರಿನಲ್ಲಿ ಬರುತ್ತವೆ, ಅದು ಅವನ್ನು ಮೋಟರಿನ ಹೆಜ್ಜೆಗಳಾಗಿ ಬದಲಿಸುತ್ತದೆ. ಜಿ0 ಎಂದರೆ ಗಾಳಿಯಲ್ಲಿ ಓಡು, ಜಿ1 ಎಂದರೆ ಹೇಳಿದ ವೇಗದಲ್ಲಿ ಕಡಿಯುತ್ತಾ ಹೋಗು, ಎಂ3 ಎಂದರೆ ಸ್ಪಿಂಡಲ್ ತಿರುಗಿಸು, ಎಂ5 ಎಂದರೆ ನಿಲ್ಲಿಸು. ಹತ್ತು ಹನ್ನೆರಡು ಇಂಥ ಪದ ಗೊತ್ತಿದ್ದರೆ ಮನೆಯ ಕೆಲಸಕ್ಕೆ ಧಾರಾಳ.

ಒಂದು ಮಿ.ಮೀ. ಸರಿಯಲು ಎಷ್ಟು ಹೆಜ್ಜೆ ಎಂಬುದು $100 ಎಂಬ ಸೆಟ್ಟಿಂಗ್‌ನಲ್ಲಿದೆ. ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ. ಮೋಟರ್ ಓಡಿಸುವ ಡ್ರೈವರ್ ಚಿಪ್ಪು ಪ್ರತಿ ಹೆಜ್ಜೆಯನ್ನು 16 ಪಾಲು ಮಾಡುತ್ತದೆ. ಸ್ಕ್ರೂ ಒಂದು ಸುತ್ತಿಗೆ 4 ಮಿ.ಮೀ. ಮುಂದೆ ಹೋಗುತ್ತದೆ. 200 × 16 ÷ 4 = 800. ನಾನು 100 ಮಿ.ಮೀ. ಓಡಿಸಿ ಸ್ಟೀಲ್ ಸ್ಕೇಲಿನಲ್ಲಿ ಅಳೆದೆ, 99.7 ಕಂಡಿತು. ತಕ್ಷಣ ಬುದ್ಧಿವಂತನಂತೆ 800 ಅನ್ನು 802.4 ಮಾಡಿದೆ. ಎರಡು ದಿನದ ನಂತರ ಯಾವ ಅಳತೆಯೂ ಕೂಡಿಬರದೆ ಹೋದಾಗ ಮತ್ತೆ 800ಕ್ಕೇ ತಂದೆ. ಸ್ಕ್ರೂವಿನ ಲೆಕ್ಕ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು ನನ್ನ ಕಣ್ಣು ಮತ್ತು ನಟ್ಟಿನೊಳಗಿನ ಪ್ಲೇ.

ಪ್ಲೇ ಅಂದರೆ ದಿಕ್ಕು ಬದಲಿಸಿದಾಗ ಸ್ಕ್ರೂ ತಿರುಗಿದರೂ ಟೇಬಲ್ ಸರಿಯದ ಆ ಚೂರು ಸಡಿಲ. ಅದನ್ನು ಅಳೆಯಲು, ಕೂದಲೆಳೆಯಷ್ಟು ಸರಿದರೂ ಮುಳ್ಳಿನಲ್ಲಿ ತೋರಿಸುವ ಮಾವನ ಹಳೆ ಡಯಲ್ ಗೇಜ್ ಬೇಡಿ ತಂದೆ. ಅದರ ಸ್ಟ್ಯಾಂಡಿನ ಬುಡದಲ್ಲಿ ಮ್ಯಾಗ್ನೆಟ್ ಇದೆ, ನಮ್ಮ ಯಂತ್ರವೋ ಬಹುಪಾಲು ಅಲ್ಯೂಮಿನಿಯಂ, ಕಡಪ ಕಲ್ಲಿಗಂತೂ ಕೇಳುವುದೇ ಬೇಡ. ಎಲ್ಲೂ ಅಂಟಲಿಲ್ಲ. ಕೊನೆಗೆ ಅಮ್ಮನ ಕಬ್ಬಿಣದ ದೋಸೆ ಕಾವಲಿಯನ್ನು ಪಕ್ಕದಲ್ಲಿಟ್ಟು ಅದರ ಮೇಲೆ ಸ್ಟ್ಯಾಂಡ್ ಕೂರಿಸಿದೆ. ಎಕ್ಸ್‌ನಲ್ಲಿ, ಅಂದರೆ ಎಡಬಲಕ್ಕೆ, 0.18 ಮಿ.ಮೀ. ಪ್ಲೇ. ಸ್ಪ್ರಿಂಗ್ ಇರುವ ಜೋಡಿ ನಟ್ಟನ್ನು ಒತ್ತಿ ಬಿಗಿದು 0.06ಕ್ಕೆ ಇಳಿಸಿದೆ. ಇನ್ನೂ ಬಿಗಿದರೆ ಮೋಟರ್ ಹೆಜ್ಜೆ ತಪ್ಪುತ್ತಿತ್ತು. ಕಾವಲಿ ಸಂಜೆಯೊಳಗೆ ಒಲೆಗೆ ಮರಳಿತು.

ಅದೇ ಗೇಜಿನ ಮುಂದೆ ಸ್ಪಿಂಡಲ್ ನೆಟ್ಟಗಿಲ್ಲ ಎಂದೂ ತಿಳಿಯಿತು. ಕಾಲೆಟ್‌ಗೆ ಬಾಗಿಸಿದ ದಪ್ಪ ತಂತಿ ಸಿಕ್ಕಿಸಿ, ತುದಿ 60 ಮಿ.ಮೀ. ಆಚೆ ಬರುವಂತೆ ಮಾಡಿ, ಕೈಯಲ್ಲಿ ಸುತ್ತು ಹಾಕಿಸಿದೆ. ಮುಂದೆ ಟೇಬಲ್ ಮುಟ್ಟುವ ತಂತಿ ಹಿಂದೆ 0.3 ಮಿ.ಮೀ. ಮೇಲಿತ್ತು. ತಂಪು ಪಾನೀಯದ ಕ್ಯಾನನ್ನು ಕತ್ತರಿಸಿದರೆ ಹೆಚ್ಚುಕಡಿಮೆ 0.1 ಮಿ.ಮೀ. ದಪ್ಪದ ತಗಡು ಸಿಗುತ್ತದೆ. ಒಂದು ಪಟ್ಟಿ ಸ್ಪಿಂಡಲ್ ಹಿಡಿಕೆಯ ಹಿಂದೆ ಹೋಯಿತು. ಸಾಕಾಯಿತು.

ಮೊದಲ ಕಡಿತ, ಮೊದಲ ಮುರಿತ

ಟೇಬಲ್ ಮೇಲೆ ಮರದ ನಾರು ಒತ್ತಿ ಮಾಡಿದ ಒಂದು ಎಂಡಿಎಫ್ ಹಲಗೆ ಬಿಗಿದು ಅದರ ಮೈಯನ್ನು ಅದೇ ಯಂತ್ರದಿಂದ ಕೆರೆಸಿ ಸಮ ಮಾಡಿದೆ. ಈಗ ಹಲಗೆ ಯಂತ್ರದ ಓಟಕ್ಕೆ ಸಮ, ಭೂಮಿಗೆ ಸಮವೋ ಅಲ್ಲವೋ ಬೇಕಿಲ್ಲ. ಆಮೇಲೆ ಇನ್ನೊಂದು ತುಂಡಿನ ಮೇಲೆ ಅಮ್ಮನ ಹೆಸರು ಕೆತ್ತಿದೆ. ಕನ್ನಡದ ಒತ್ತಕ್ಷರಗಳು ವಿ-ಬಿಟ್ ಎಂಬ ಚೂಪು ತುದಿಯ ಟೂಲಿನಲ್ಲಿ ಎಷ್ಟು ಚೆನ್ನಾಗಿ ಬರುತ್ತವೆ ಅಂದರೆ ಒಂದು ವಾರ ಚಕ್ಕುಲಿ ಬಿಲ್ಲೆಯನ್ನೇ ಮರೆತು ನಂಟರಿಗೆಲ್ಲ ಹೆಸರಿನ ಹಲಗೆ ಮಾಡಿದೆ.

ಎರಡನೆಯ ಹಲಗೆಯಲ್ಲೇ ಟೂಲ್ ಮುರಿಯಿತು. ಜಾಬ್ ಹಿಡಿಯಲು ನಾಲ್ಕು ಮೂಲೆಗೆ ಕ್ಲ್ಯಾಂಪ್ ಹಾಕಿದ್ದೆ, ಬೋಲ್ಟಿನ ತಲೆ ಜಾಬ್‌ಗಿಂತ 12 ಮಿ.ಮೀ. ಮೇಲಿತ್ತು. ಪ್ರೋಗ್ರಾಂನಲ್ಲಿ ಟೂಲ್ ಎತ್ತಿ ಓಡುವ ಎತ್ತರ 5 ಮಿ.ಮೀ. ಇತ್ತು. ಜಿ0 ಬಂತು, ಟೂಲ್ ನೇರ ಬೋಲ್ಟಿಗೆ ಹೋಯಿತು, ಟಿಕ್ ಎಂಬ ಸಣ್ಣ ಸದ್ದು. ಟೂಲಿನ ಕಾರ್ಬೈಡ್ ಚೂರು ಕಿಟಕಿಯ ಗಾಜಿಗೆ ಬಡಿಯಿತು. ಅವತ್ತಿನಿಂದ ಕನ್ನಡಕವಿಲ್ಲದೆ ಸ್ವಿಚ್ ಮುಟ್ಟುವುದಿಲ್ಲ. ಗ್ಲೌಸ್ ಹಾಕಿ ಕೈ ಒಡ್ಡುತ್ತಿದ್ದುದನ್ನು ಮಾವ ಅದಕ್ಕೂ ಮೊದಲೇ ಬೈದು ಬಿಡಿಸಿದ್ದರು: "ತಿರುಗೋದು ಬಟ್ಟೆ ಹಿಡಿದ್ರೆ ಕೈಯನ್ನೂ ಕರ್ಕೊಂಡು ಹೋಗುತ್ತೆ ಕಣೋ."

ಅಲ್ಯೂಮಿನಿಯಂ

ಬಿಲ್ಲೆಯನ್ನು ಹಿತ್ತಾಳೆಯಲ್ಲೇ ಮಾಡಬೇಕೆಂದಿದ್ದೆ. ಆದರೆ ಸುಲಭವಾಗಿ ಕಡಿಯಲು ಬರುವ ಹಿತ್ತಾಳೆಯಲ್ಲಿ ಸುಮಾರು 3% ಸೀಸ ಬೆರೆಸಿರುತ್ತಾರೆ. ಚೂರು ಉದುರಿ ಬರುವುದೇ ಅದರಿಂದ. ತಿನ್ನುವ ಹಿಟ್ಟು ಹಾಯುವ ಜಾಗಕ್ಕೆ ಅದು ಬೇಡ ಎನಿಸಿತು.

ಹಳೆ ಪಾತ್ರೆ ಕೊಳ್ಳುವವನ ಹತ್ತಿರ 3 ಮಿ.ಮೀ. ಅಲ್ಯೂಮಿನಿಯಂ ತಗಡು ಸಿಕ್ಕಿತು. ಬೆಣ್ಣೆಯಂಥ ಮೆತ್ತನೆ ಲೋಹ, ಸುಲಭವಾಗಿ ಕಡಿಯುತ್ತದೆ ಎಂದುಕೊಂಡೆ. ಮೆತ್ತಗಿದ್ದುದೇ ತೊಂದರೆ. ಎರಡು ನಿಮಿಷದಲ್ಲಿ ಟೂಲಿನ ಹಲ್ಲಿನ ಸಂದಿಗೆ ಲೋಹ ಅಂಟಿಕೊಂಡು ಗಟ್ಟಿಯಾಯಿತು, ಟೂಲ್ ಕಡಿಯುವುದು ಬಿಟ್ಟು ಉಜ್ಜತೊಡಗಿತು, ಸದ್ದು ಸಿಳ್ಳೆಯಿಂದ ಕಿರುಚಾಟಕ್ಕೆ ತಿರುಗಿತು, ಮುರಿಯಿತು. ಇನ್ನೊಂದು ಹಾಕಿದೆ. ಅದೂ ಹೋಯಿತು. ಮಾವನಿಗೆ ಫೋನ್ ಮಾಡಿದೆ. "ಯಾವ ಗ್ರೇಡು?" "ಗೊತ್ತಿಲ್ಲ ಮಾವ, ಪಾತ್ರೆ ತಗಡು." ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ಪೀಣ್ಯದಲ್ಲಿ ಲೋಹದ ತುಂಡುಗಳನ್ನು ಕೆ.ಜಿ. ಲೆಕ್ಕದಲ್ಲಿ ಮಾರುವ ಅಂಗಡಿಗೆ ಅವರೇ ಕರೆದುಕೊಂಡು ಹೋದರು. 6061 ಎಂಬ ಗ್ರೇಡಿನ 300 × 200 × 3 ಮಿ.ಮೀ. ಪ್ಲೇಟು, ತಕ್ಕಡಿಯಲ್ಲಿ ಅರ್ಧ ಕೆ.ಜಿ.ಗೆ ಚೂರು ಕಡಿಮೆ. ಇದರಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಇರುತ್ತದೆ, ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಅದೇ ಯಂತ್ರ, ಅದೇ ಬಗೆಯ ಟೂಲು. ಈ ಸಲ ಚೂರುಗಳು ಬೇರೆ ಬೇರೆಯಾಗಿ ಮಿನುಗುತ್ತಾ ಹಾರಿದವು.

ವೇಗದ ಲೆಕ್ಕವನ್ನೂ ಅವತ್ತೇ ಹೇಳಿಕೊಟ್ಟರು. ಒಂದು ಹಲ್ಲು ಒಂದು ಸುತ್ತಿಗೆ ಎಷ್ಟು ಲೋಹ ತಿನ್ನಬೇಕು ಎಂಬುದನ್ನು ಮೊದಲು ಹಿಡಿಯಬೇಕು. 2 ಮಿ.ಮೀ. ಟೂಲಿಗೆ ಈ ಬಡಕಲು ಯಂತ್ರದಲ್ಲಿ 0.02 ಮಿ.ಮೀ. ಎಂದುಕೊಳ್ಳೋಣ. ಸ್ಪಿಂಡಲ್ ನಿಮಿಷಕ್ಕೆ 9,000 ಸುತ್ತು, ಟೂಲಿಗೆ ಒಂದೇ ಹಲ್ಲು. 9,000 × 1 × 0.02 = ನಿಮಿಷಕ್ಕೆ 180 ಮಿ.ಮೀ. ಫೀಡ್, ಅಂದರೆ ಟೂಲ್ ಮುಂದೆ ಸಾಗುವ ವೇಗ. ಹೆದರಿ ಇದನ್ನು 60ಕ್ಕೆ ಇಳಿಸಿದ್ದೆ ನಾನು. ನಿಧಾನ ಹೋದರೆ ಟೂಲಿಗೆ ಹಿತ ಎಂಬುದು ಹೊಸಬರ ನಂಬಿಕೆ. ತೀರಾ ನಿಧಾನವಾದರೆ ಹಲ್ಲು ಕಡಿಯದೆ ಬರೀ ತಿಕ್ಕುತ್ತದೆ, ಬಿಸಿಯಾಗುತ್ತದೆ, ಲೋಹ ಅಂಟುತ್ತದೆ. ಹುಡಿ ಬಂದರೆ ತಪ್ಪು, ಚೂರು ಬಂದರೆ ಸರಿ. ಹೆದರಿಕೆಯಿದ್ದರೆ ಆಳ ಕಡಿಮೆ ಮಾಡಬೇಕು, ಫೀಡ್ ಅಲ್ಲ. ಟೂಲ್ ಆಕಾರವನ್ನು ಒಮ್ಮೆ ಸುತ್ತಿ ಬರುವುದಕ್ಕೆ ನಾನು 0.1 ಮಿ.ಮೀ. ಆಳ ಇಟ್ಟೆ.

ಹಿಡಿಯುವುದು

ಒರಳಿನ ಒಳ ಅಳತೆಯನ್ನು ವರ್ನಿಯರ್‌ನಲ್ಲಿ ತೆಗೆದೆ. ಒಂದು ಕಡೆ 52.3, ತಿರುಗಿಸಿ ಹಿಡಿದರೆ 52.7. ಸವೆದಿದೆ ಎಂದುಕೊಂಡು 52.1ರ ದುಂಡು ಬಿಲ್ಲೆ ಬರೆದೆ. ನಡುವೆ 9 ಮಿ.ಮೀ. ಅಗಲದ ಆರು ಮೂಲೆಯ ನಕ್ಷತ್ರ. ಬರೆದದ್ದು ಫ್ರೀಕ್ಯಾಡ್ ಎಂಬ ನಕ್ಷೆ ಬರೆಯುವ ತಂತ್ರಾಂಶದಲ್ಲಿ, ಉಚಿತ. ಹಳೆ ವಿಡಿಯೋಗಳಲ್ಲಿ ಟೂಲಿನ ದಾರಿ ಬರೆಯುವ ವಿಭಾಗವನ್ನು 'ಪಾತ್' ಎನ್ನುತ್ತಾರೆ, 1.0 ಆವೃತ್ತಿಯಿಂದ ಅದರ ಹೆಸರು 'ಕ್ಯಾಮ್'. ಇದು ಗೊತ್ತಿಲ್ಲದೆ ಒಂದು ಸಂಜೆ ಮೆನುವಿನೊಳಗೆ ಅಲೆದಿದ್ದೇನೆ.

ಮೊದಲ ಯತ್ನದಲ್ಲಿ ಪ್ಲೇಟನ್ನು ಎರಡೂ ಬದಿ ಅಂಟಿರುವ ಟೇಪಿನಿಂದ ಹಿಡಿಸಿದೆ. ಟೂಲ್ ತಂಪಿಗೆಂದು ಹಚ್ಚಿದ ಎಣ್ಣೆ ಟೇಪಿನ ಕೆಳಗೆ ಇಳಿದು, ಇಪ್ಪತ್ತನೇ ನಿಮಿಷದಲ್ಲಿ ಪ್ಲೇಟ್ ಜಾರಿತು. ಎರಡನೇ ಯತ್ನದಲ್ಲಿ ನಕ್ಷತ್ರದ ಅಂಚನ್ನಷ್ಟೇ ಕಡಿಸಿದೆ. ಕೊನೆಯ ಸುತ್ತಿನಲ್ಲಿ ನಡುವಿನ ತುಣುಕು ಬಿಡಿಯಾಗಿ ಟೂಲಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಇನ್ನೊಂದು ಟೂಲ್ ಸ್ವಾಹಾ. ನಕ್ಷತ್ರವನ್ನು ಪೂರ್ತಿ ಕೆರೆದು ತೆಗೆಯಬೇಕು, ನಡುವೆ ತುಣುಕು ಉಳಿಸಬಾರದು.

ಇಷ್ಟೆಲ್ಲ ಆದ ಮೇಲೆ ಮಾವ ಮಹಡಿ ಹತ್ತಿ ಬಂದರು. ಯಂತ್ರದ ಕಡೆ ನೋಡಲೇ ಇಲ್ಲ, ಪ್ಲೇಟ್ ಕೈಗೆತ್ತಿಕೊಂಡರು. "ನಡುವೆ ತೂತು ಬರುತ್ತಲ್ಲ, ಅದನ್ನ ಮೊದಲು ಮಾಡು. ಆ ತೂತಿಗೇ ಬೋಲ್ಟ್ ಹಾಕಿ ಹಲಗೆಗೆ ಬಿಗಿ. ಆಮೇಲೆ ಹೊರಗಡೆ ಸುತ್ತು ಕಡಿ. ಜಾಬೇ ಜಾಬ್‌ನ ಹಿಡ್ಕೊಳ್ಳುತ್ತೆ."

ಹಾಗೇ ಮಾಡಿದೆ. ಸುತ್ತಲೂ ಕ್ಲ್ಯಾಂಪ್ ಹಾಕಿ, 2 ಮಿ.ಮೀ. ಟೂಲಿನಲ್ಲಿ ನಡುವನ್ನು ಕೆರೆದು, ಟೂಲ್ ಬದಲಿಸಿ 1 ಮಿ.ಮೀ.ನದರಲ್ಲಿ ಮೂಲೆಗಳನ್ನು ತೆಗೆದೆ. ಟೂಲ್ ಬದಲಿಸಿದಾಗಲೆಲ್ಲ ಝಡ್‌ನ ಸೊನ್ನೆ, ಅಂದರೆ ಟೂಲಿನ ತುದಿ ಜಾಬ್ ಮುಟ್ಟುವ ಎತ್ತರ, ಮತ್ತೆ ಹಿಡಿಯಬೇಕು: ನೋಟ್‌ಬುಕ್ಕಿನ ಹಾಳೆ ಜಾಬ್ ಮೇಲಿಟ್ಟು ಆಡಿಸುತ್ತಾ ಟೂಲನ್ನು ಇಳಿಸುವುದು, ಹಾಳೆ ತಡೆದ ಕಡೆ ನಿಲ್ಲಿಸುವುದು. ಆಮೇಲೆ ನಕ್ಷತ್ರದ ಮೂಲಕ ವಾಷರ್ ಹಾಕಿ ಬೋಲ್ಟ್ ಬಿಗಿದೆ. ಬಿಲ್ಲೆಯ ಹೊರಗೆ ಟೂಲ್ ಓಡುವ ದಾರಿ 170 ಮಿ.ಮೀ., 180ರ ಫೀಡಿಗೆ ಒಂದು ಸುತ್ತಿಗೆ ಒಂದು ನಿಮಿಷವೂ ಇಲ್ಲ. 3 ಮಿ.ಮೀ. ಪ್ಲೇಟನ್ನು ಪೂರ್ತಿ ದಾಟುವ 31 ಸುತ್ತಿಗೆ ಅರ್ಧ ಗಂಟೆ.

ಹದಿನೆಂಟನೆಯ ಸುತ್ತಿನಲ್ಲಿ ಕರೆಂಟ್ ಹೋಯಿತು.

ಇಲ್ಲಿ ಒಂದು ಮೋಸ ಇದೆ. ಮೋಟರು, ಸ್ಪಿಂಡಲ್ ಎರಡೂ ನಿಂತವು. ಆದರೆ ನನ್ನ ಬೋರ್ಡಿನ ಮಿದುಳಿಗೆ ಕರೆಂಟ್ ಬರುವುದು ಯುಎಸ್‌ಬಿ ವೈರಿನಿಂದ, ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಹಾಗಾಗಿ ಅದು ಏನೂ ಆಗದವರಂತೆ ಸಾಲು ಓದುತ್ತಾ ಹೆಜ್ಜೆ ಎಣಿಸುತ್ತಾ ಹೋಯಿತು. ಪರದೆಯ ಮೇಲೆ ಟೂಲ್ ಬಿಲ್ಲೆ ಸುತ್ತುತ್ತಿದೆ, ಕಣ್ಣೆದುರು ಅಲ್ಲೇ ನಿಂತಿದೆ. ನಾನು ಬೆಪ್ಪಾಗಿ ನೋಡುತ್ತಿರುವಾಗಲೇ ಕರೆಂಟ್ ವಾಪಸ್ ಬಂತು. ಯಂತ್ರ ನಿಂತಿದ್ದ ಜಾಗವನ್ನೇ ಬೇರೆ ಜಾಗವೆಂದು ತಿಳಿದು ಬಿಲ್ಲೆಯ ಮೈಮೇಲೆ ಅಡ್ಡಕ್ಕೆ ಗೀರಿತು. ಆ ಬಿಲ್ಲೆ ಈಗ ನನ್ನ ಕೀ ಬಂಚಿನಲ್ಲಿದೆ.

ಈಗ ಯಂತ್ರ ಮನೆಯ ಇನ್ವರ್ಟರ್ ಲೈನಿನಲ್ಲಿದೆ. ಸಪ್ಲೈ 120 ವ್ಯಾಟ್ ಮಾತ್ರ, ಫ್ಯಾನಿನ ಜೊತೆ ಹೊರುತ್ತದೆ. ಜೊತೆಗೆ ಪ್ರತಿ ಪ್ಲೇಟಿನ ಮೂಲೆಯಲ್ಲಿ ಮೊದಲು ಒಂದು 3 ಮಿ.ಮೀ. ತೂತು ಕೊರೆದುಬಿಡುತ್ತೇನೆ. ದಾರಿ ತಪ್ಪಿದರೆ ಕಾಲೆಟ್‌ಗೆ 3 ಮಿ.ಮೀ. ಡ್ರಿಲ್ಲಿನ ದಿಂಡು ತಿರುಗಿಸಿ ಹಾಕಿ ಆ ತೂತಿಗೆ ಇಳಿಸುವುದು. ಸಲೀಸಾಗಿ ಇಳಿದರೆ ಸೊನ್ನೆ ಸಿಕ್ಕಿತು ಎಂದರ್ಥ.

ಒರಳಿಗೆ

ಮುಂದಿನ ಬಿಲ್ಲೆ ಪೂರ್ತಿಯಾಯಿತು. ಅಂಚಿನಲ್ಲಿ ಎದ್ದ ಚೂಪು ಸಿಬಿರು ತೆಗೆದು, ನಯವಾದ ಎಮೆರಿ ಹಾಳೆಯಿಂದ ಉಜ್ಜಿ, ಎಣ್ಣೆ ಹೋಗುವಂತೆ ಸೋಪಿನಲ್ಲಿ ತೊಳೆದು, ನೀರಿನಲ್ಲಿ ಕುದಿಸಿ ಕೊಟ್ಟೆ. ಹಿತ್ತಾಳೆಯ ಅಭ್ಯಾಸಕ್ಕೆ ಅಮ್ಮ ಹುಣಸೆಹಣ್ಣು ಹಿಡಿದು ಬಂದಿದ್ದರು, ತಡೆದೆ. ಅಲ್ಯೂಮಿನಿಯಂಗೆ ಹುಳಿ ಆಗುವುದಿಲ್ಲ.

ಒತ್ತಿದರು. ಬಂದದ್ದನ್ನು ಬಾಳೆಲೆಯ ಮೇಲೆ ಸುತ್ತಿ ನೋಡಿ "ಚಕ್ಕುಲಿ ಅಲ್ಲ ಕಣೋ, ಹಗ್ಗ" ಎಂದರು. ಮುಳ್ಳೇ ಇರಲಿಲ್ಲ. 1 ಮಿ.ಮೀ. ಟೂಲ್ ಎಷ್ಟೇ ಮೂಲೆಗೆ ಹೋದರೂ ತನ್ನ ಅರ್ಧ ಮಿ.ಮೀ. ದುಂಡನ್ನು ಬಿಟ್ಟೇ ಬರುತ್ತದೆ. ಇಂಥ ತೂತಿನ ಒಳಗೆ ಚೂಪು ಮೂಲೆ ತಿರುಗುವ ಟೂಲಿನಿಂದ ಬರುವುದಿಲ್ಲ. ಅಕ್ಕಸಾಲಿಗರು ಬಳಸುವಂಥ ಸಣ್ಣ ತ್ರಿಕೋನದ ಅರ ತಂದು ಆರೂ ಮೂಲೆ ಕೈಯಲ್ಲೇ ತೀಡಿದೆ, ಹತ್ತು ನಿಮಿಷದ ಕೆಲಸ. ಹಿಟ್ಟಿನ ಕಡೆಯ ಅಂಚನ್ನು ವಿ-ಬಿಟ್‌ನಿಂದ ಸ್ವಲ್ಪ ಇಳಿಜಾರು ಮಾಡಿದೆ, ಒತ್ತುವುದು ಹಗುರಾಯಿತು.

ಮುಳ್ಳು ಬಂತು. ಆದರೆ ಒತ್ತುವಾಗ ಬಿಲ್ಲೆಯ ಎರಡು ಬದಿಯಿಂದ ಹಿಟ್ಟು ತೆಳ್ಳಗೆ ನುಸುಳುತ್ತಿತ್ತು. ಮಾವ ತೇಂಗೊಳಲಿನ ಹಳೇ ಬಿಲ್ಲೆಯನ್ನು ಎತ್ತಿ ಅಂಚಿನ ಸುತ್ತ ಉಗುರು ಓಡಿಸಿದರು, ವರ್ನಿಯರ್ ಕೇಳಿದರು. ಒಂದು ಕಡೆ 52.2, ಇನ್ನೊಂದು ಕಡೆ 52.6. ಅಂಚಿನಲ್ಲಿ ಅರದ ಗೀರು, ಮೇಲೆ ಉಳಿಯಿಂದ ಕುಟ್ಟಿದ ಒಂದು ಚುಕ್ಕೆ. ಒರಳಿನ ಕಂಠದಲ್ಲಿ ಕಿಲುಬು ಒರೆಸಿ ನೋಡಿದರೆ ಅಲ್ಲೂ ಒಂದು ಚುಕ್ಕೆ. ಒರಳು ಸವೆದದ್ದಲ್ಲ, ಮೊದಲಿನಿಂದಲೇ ಕೋಳಿಮೊಟ್ಟೆ. ಮಾಡಿದ ಕಂಚುಗಾರ ಒಂದೊಂದೇ ಬಿಲ್ಲೆಯನ್ನು ಅದಕ್ಕೆ ಹೊಂದಿಸಿ ತೀಡಿದ್ದ. ಈ ಬಿಲ್ಲೆಯನ್ನು ನಾನು ತಿಂಗಳುಗಟ್ಟಲೆ ಪಕ್ಕದಲ್ಲೇ ಇಟ್ಟುಕೊಂಡಿದ್ದೆ, ಒಮ್ಮೆಯೂ ಅಳೆದಿರಲಿಲ್ಲ.

"ಇದನ್ನ ಮಿಲ್ಲಿಂಗ್‌ನಲ್ಲಿ ಹ್ಯಾಂಡಲ್ ತಿರುಗಿಸಿ ಮಾಡು ಅಂದಿದ್ರೆ ಒಂದು ದಿನ ಹಿಡೀತಿತ್ತು" ಎಂದರು ಮಾವ. ಫ್ರೀಕ್ಯಾಡ್‌ನಲ್ಲಿ ವೃತ್ತ ಅಳಿಸಿ ದೀರ್ಘವೃತ್ತ ಹಾಕಿ ಎರಡು ಸಂಖ್ಯೆ ತುಂಬಿದೆ. ಜಿಆರ್‌ಬಿಎಲ್‌ಗೆ ದೀರ್ಘವೃತ್ತ ಎಂಬ ಆಜ್ಞೆ ಇಲ್ಲ, ಕ್ಯಾಮ್ ಅದನ್ನು ಸಣ್ಣ ಸಣ್ಣ ತುಂಡು ಮಾಡಿ ಕೊಡುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಅದೇ ಅರ್ಧ ಗಂಟೆ. ಮಾವ ಕುರ್ಚಿ ಎಳೆದುಕೊಂಡು 31 ಸುತ್ತನ್ನೂ ಕುಳಿತು ನೋಡಿದರು. ಕೊನೆಗೆ ವಿ-ಬಿಟ್ ಹಾಕಿ ಮೇಲೊಂದು ಚುಕ್ಕೆ ಕೆತ್ತಿದೆ.

ಚುಕ್ಕೆಗೆ ಚುಕ್ಕೆ ಕೂಡಿಸಿ ಅಮ್ಮ ಬಿಲ್ಲೆ ಇಳಿಸಿದರು, ಟಪ್ ಎಂದು ಕೂತಿತು. ಅವತ್ತು ಒಂದು ಸೇರು ಅಕ್ಕಿಯ ಚಕ್ಕುಲಿ ಆಯಿತು. ಈಗ ಕೆಳಗಿನ ಮನೆಯ ಆಂಟಿ ಅವರ ಒರಳನ್ನೂ ಮೆಟ್ಟಿಲ ಮೇಲೆ ಇಟ್ಟುಹೋಗಿದ್ದಾರೆ, ಶ್ಯಾವಿಗೆ ಬಿಲ್ಲೆ ಬೇಕಂತೆ. 1 ಮಿ.ಮೀ.ನ ತೂತು, ಎಣಿಸಿದೆ, 91. ಡ್ರಿಲ್ ಹತ್ತು ತರಿಸಿದ್ದೇನೆ. ಹತ್ತೂ ಮುರಿಯದಿದ್ದರೆ ಮುಂದಿನ ಭಾನುವಾರ ಕೊಡುತ್ತೇನೆ ಎಂದಿದ್ದೇನೆ.